ಮಗ್ಗಕ್ಕೆ ಮುಂಚಿನ ಚಿತ್ತಾರ: ಪೋಚಂಪಲ್ಲಿ ಪದ್ಧತಿಯಲ್ಲಿ ನೂಲು ಕಟ್ಟಿ, ಬಣ್ಣ ಹಾಕಿ, ನೇಯುವ ಸಮಗ್ರ ಮಾರ್ಗದರ್ಶಿ

ಬಹುಪಾಲು ಕೈಮಗ್ಗದ ಬಟ್ಟೆಗಳಲ್ಲಿ ಚಿತ್ತಾರ ಮೂಡುವುದು ಮಗ್ಗದ ಮೇಲೆ. ಇಳಕಲ್ ಸೀರೆಯ ಸೆರಗು ಬೇರೆ ಬಣ್ಣದ ಹಾಸನ್ನು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳನ್ನು) ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸಿದ ಮೇಲೆ ನೇಯ್ಗೆಯಲ್ಲಿ ಹುಟ್ಟುತ್ತದೆ. ಜರಿಯ ಬುಟ್ಟಾ ಹೆಚ್ಚುವರಿ ಎಳೆಯಿಂದ ಹುಟ್ಟುತ್ತದೆ. ಇಕ್ಕತ್ ಬಟ್ಟೆಯ ದಾರಿ ಬೇರೆ. ಅಲ್ಲಿ ನೂಲು ಇನ್ನೂ ಬಿಡಿ ಎಳೆಗಳ ಕಟ್ಟಾಗಿದ್ದಾಗಲೇ ಯಾವ ಎಳೆಯ ಯಾವ ಭಾಗ ಕೆಂಪು, ಯಾವ ಭಾಗ ಬಿಳಿ ಎಂಬುದು ನಿರ್ಧಾರವಾಗಿ, ಬಣ್ಣ ತಾಗಬಾರದ ಕಡೆ ಬಿಗಿಯಾಗಿ ಕಟ್ಟು ಬಿದ್ದು, ಬಣ್ಣದ ತೊಟ್ಟಿಯಲ್ಲಿ ಮುಳುಗಿ ಎದ್ದಿರುತ್ತದೆ. ನೇಕಾರ ಮಗ್ಗದ ಮುಂದೆ ಕೂರುವ ಹೊತ್ತಿಗೆ ಕೆಲಸದ ಮುಕ್ಕಾಲು ಪಾಲು ಮುಗಿದಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ನೇಯ್ಗೆಗಿಂತ ಲೆಕ್ಕಕ್ಕೂ ಕಟ್ಟಿಗೂ ಹೆಚ್ಚು ಜಾಗ ಕೊಟ್ಟಿದ್ದೇನೆ. ಇಕ್ಕತ್ ಕೆಡುವುದು ಅಲ್ಲಿಯೇ, ಚೆನ್ನಾಗುವುದೂ ಅಲ್ಲಿಯೇ.

ಅನುಸರಿಸಿರುವ ಪದ್ಧತಿ ತೆಲಂಗಾಣದ ಯಾದಾದ್ರಿ ಭುವನಗಿರಿ ಜಿಲ್ಲೆಯ ಭೂದಾನ್ ಪೋಚಂಪಲ್ಲಿ ಮತ್ತು ಸುತ್ತಲಿನ ಪುಟ್ಟಪಾಕ, ಕೊಯ್ಯಲಗೂಡೆಂ ಮುಂತಾದ ಊರುಗಳದು. 1951ರ ಏಪ್ರಿಲ್ 18ರಂದು ವಿನೋಬಾ ಭಾವೆಯವರ ಭೂದಾನ ಚಳವಳಿ ಆರಂಭವಾದದ್ದು ಇದೇ ಪೋಚಂಪಲ್ಲಿಯಲ್ಲಿ. ಊರಿನ ಹೆಸರಿಗೆ ಆ ಪದ ಸೇರಿದ್ದು ಹಾಗೆ. ಪದ್ಮಶಾಲಿ ಮತ್ತು ದೇವಾಂಗ ಸಮುದಾಯದ ಕುಟುಂಬಗಳು ಇಲ್ಲಿ ಈ ಕಸುಬನ್ನು ನಡೆಸುತ್ತ ಬಂದಿವೆ. ಈ ಎರಡೂ ಸಮುದಾಯಗಳ ನೇಕಾರರು ಕರ್ನಾಟಕದಲ್ಲೂ ಇದ್ದಾರೆ, ಪೋಚಂಪಲ್ಲಿಯ ರೇಷ್ಮೆ ಸೀರೆಗೆ ಬೇಕಾದ ನೂಲು ಬೆಂಗಳೂರಿನ ಮಾರುಕಟ್ಟೆಯಿಂದಲೂ ಹೋಗುತ್ತದೆ. ಹಾಗಾಗಿ ಕನ್ನಡಿಗರಿಗೆ ಇದು ತೀರ ದೂರದ ವಿದ್ಯೆಯಲ್ಲ.

ಯಾವ ಬಗೆಯಿಂದ ಆರಂಭಿಸಬೇಕು

ಹಾಸನ್ನು ಮಾತ್ರ ಕಟ್ಟಿ ಬಣ್ಣ ಹಾಕಿದರೆ ಒಂದು ಬಗೆ, ಹೊಕ್ಕನ್ನು, ಅಂದರೆ ಅಡ್ಡಕ್ಕೆ ಹಾಯಿಸುವ ಎಳೆಯನ್ನು, ಮಾತ್ರ ಕಟ್ಟಿದರೆ ಇನ್ನೊಂದು. ಎರಡನ್ನೂ ಕಟ್ಟಿ, ಮಗ್ಗದ ಮೇಲೆ ಹಾಸಿನ ಕೆಂಪು ಹೊಕ್ಕಿನ ಕೆಂಪಿನ ಮೇಲೆಯೇ ಬಂದು ಕೂರುವಂತೆ ನೇಯ್ದರೆ ಅದು ಜೋಡಿ ಇಕ್ಕತ್. ಗುಜರಾತಿನ ಪಾಟಣದ ಪಟೋಲ ಮತ್ತು ಪುಟ್ಟಪಾಕದಲ್ಲಿ ಎಣ್ಣೆ ಹಿಡಿಸಿದ ನೂಲಿನಿಂದ ನೇಯುವ ತೇಲಿಯಾ ರುಮಾಲು ಈ ಮೂರನೆಯ ಬಗೆಗೆ ಸೇರಿದವು, ಮತ್ತು ಹೊಸಬರು ಇವನ್ನು ಸದ್ಯಕ್ಕೆ ನೋಡಿ ಸಂತೋಷಪಡುವುದೇ ಲೇಸು. ಕಲಿಕೆಗೆ ಹೊಕ್ಕಿನ ಇಕ್ಕತ್ ಒಳ್ಳೆಯದು, ಏಕೆಂದರೆ ಪ್ರತಿ ಎಳೆಯನ್ನು ನೇಯುವಾಗ ಎಡಕ್ಕೋ ಬಲಕ್ಕೋ ತುಸು ಎಳೆದು ಸರಿಪಡಿಸುವ ಅವಕಾಶ ಅದರಲ್ಲಿದೆ. ಹಾಸು ಒಮ್ಮೆ ಮಗ್ಗಕ್ಕೆ ಏರಿದ ಮೇಲೆ ಅಂಥ ಸಲಿಗೆ ಕೊಡುವುದಿಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಹತ್ತಿಯ ಒಂದು ಚಿಕ್ಕ ಬಟ್ಟೆ: ಮಗ್ಗದ ಮೇಲೆ 40 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದ, ಕಪ್ಪು ನೆಲದ ಮೇಲೆ ಬಿಳಿಯ ಅಂಚುಳ್ಳ ಎರಡು ಕೆಂಪು ವಜ್ರಾಕೃತಿಗಳು. ಕೆಂಪು, ಕಪ್ಪು, ಬಿಳಿ ತೇಲಿಯಾ ರುಮಾಲಿನ ಬಣ್ಣಗಳು. ವಜ್ರಾಕೃತಿಯನ್ನು ಆರಿಸಿದ್ದಕ್ಕೆ ಕಾರಣ ಅದು ಎಡಬಲಕ್ಕೂ ಮೇಲೆ ಕೆಳಕ್ಕೂ ಒಂದೇ ಸಮ ಇರುತ್ತದೆ. ನೂಲು ಸುತ್ತುವಾಗ ಈ ಸಮತೆ ಎಷ್ಟು ಶ್ರಮ ಉಳಿಸುತ್ತದೆ ಎಂಬುದು ಮುಂದೆ ತಿಳಿಯುತ್ತದೆ.

ನೂಲು ಮತ್ತು ಅದರ ಲೆಕ್ಕ

20ನೇ ನಂಬರಿನ ಎರಡೆಳೆ ಹುರಿಮಾಡಿದ ಹತ್ತಿ ನೂಲನ್ನು ಲಡಿಯ ರೂಪದಲ್ಲಿ ಕೊಳ್ಳಿ. ಇದರ ಒಂದು ಗ್ರಾಂ ಸುಮಾರು 17 ಮೀಟರ್ ಬರುತ್ತದೆ. ಸೆಂಟಿಮೀಟರಿಗೆ 8 ಎಳೆಯಂತೆ ಹಾಸಿಗೆ 320 ಎಳೆ ಬೇಕು. ಮಗ್ಗಕ್ಕೆ ಕಟ್ಟಲು ವ್ಯಯವಾಗುವ ಭಾಗವನ್ನೂ ಸೇರಿಸಿ ಪ್ರತಿ ಎಳೆಗೆ 150 ಸೆಂ.ಮೀ. ಇಟ್ಟುಕೊಂಡರೆ 480 ಮೀಟರ್, ಅಂದರೆ 30 ಗ್ರಾಮಿನ ಒಳಗೆ. ಹೊಕ್ಕು ಸೆಂಟಿಮೀಟರಿಗೆ 10ರಂತೆ 600 ಎಳೆ, ಒಂದೊಂದೂ 42 ಸೆಂ.ಮೀ., ಒಟ್ಟು 252 ಮೀಟರ್. ತೂಕಕ್ಕೆ 15 ಗ್ರಾಂ ಆಗುತ್ತದೆಯಾದರೂ 20 ಗ್ರಾಂ ತೆಗೆದಿಡಿ. ಹೊಕ್ಕನ್ನು ಹಾಸಿಗಿಂತ ದಟ್ಟವಾಗಿ ಇಟ್ಟಿರುವುದು ಬೇಕೆಂದೇ: ಚಿತ್ತಾರ ಹೊತ್ತಿರುವುದು ಹೊಕ್ಕಾದ್ದರಿಂದ ಅದು ಹಾಸಿಗಿಂತ ಹೆಚ್ಚು ಕಾಣಬೇಕು.

ಅಂಗಡಿಯಿಂದ ಬಂದ ನೂಲಿನಲ್ಲಿ ಹತ್ತಿಯ ಸಹಜ ಮೇಣ, ಗಿರಣಿಯ ಎಣ್ಣೆ ಇರುತ್ತವೆ. ನೂಲು ಮುಳುಗಿ ತೇಲುವಷ್ಟು ನೀರಿಗೆ ಲೀಟರಿಗೆ 3ರಿಂದ 5 ಗ್ರಾಂ ಸೋಡಾ ಆಶ್ ಮತ್ತು ಸ್ವಲ್ಪ ಸಾಬೂನು ಸೇರಿಸಿ, ಹಾಸಿನ ನೂಲನ್ನೂ ಹೊಕ್ಕಿನ ನೂಲನ್ನೂ ಒಂದು ಗಂಟೆಗೂ ಮಿಕ್ಕಿ ಕುದಿಸಿ. ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಚೆನ್ನಾಗಿ ಜಾಲಿಸಿ ನೆರಳಿನಲ್ಲಿ ಒಣಗಿಸಿ. ಒಂದು ಹನಿ ನೀರು ಬಿಟ್ಟಾಗ ಅದು ನೂಲಿನ ಮೇಲೆ ಮಣಿಯಂತೆ ನಿಲ್ಲದೆ ತಕ್ಷಣ ಹೀರಿಕೊಂಡರೆ ನೂಲು ಸಿದ್ಧವಾಯಿತು. ಈ ಹಂತವನ್ನು ಬಿಟ್ಟವರ ನೂಲು ಬಣ್ಣದ ತೊಟ್ಟಿಯಲ್ಲಿ ಮೊದಲ ಬಾರಿ ಕುಗ್ಗುತ್ತದೆ, ಆಗ ಅಳೆದು ಹಾಕಿದ ಗುರುತೆಲ್ಲ ಜಾಗ ತಪ್ಪುತ್ತದೆ.

ಆಸು: ಹೊಕ್ಕನ್ನು ಗೂಟಗಳಿಗೆ ಸುತ್ತುವುದು

ಪೋಚಂಪಲ್ಲಿಯ ಇಕ್ಕತ್‌ನ ಜೀವಾಳ ಆಸು ಎಂಬ ಚೌಕಟ್ಟು. ಒಂದು ಕಡೆ ಒಂಟಿ ಗೂಟ, ಎದುರಿಗೆ ಅರ್ಧವೃತ್ತಾಕಾರದಲ್ಲಿ ಸಾಲಾಗಿ ಗೂಟಗಳು. ಒಂಟಿ ಗೂಟದಿಂದ ಹೊರಟ ಎಳೆ ಎದುರಿನ ಒಂದು ಗೂಟವನ್ನು ಬಳಸಿ ಮರಳಿ ಒಂಟಿ ಗೂಟಕ್ಕೆ ಬಂದರೆ ಹೊಕ್ಕಿನ ಎರಡು ಎಳೆಗಳಾದವು. ಗೂಟಗಳು ನೇರ ಸಾಲಿನಲ್ಲಿರದೆ ಅರ್ಧವೃತ್ತದಲ್ಲಿ ಏಕಿವೆ ಎಂದರೆ, ಕೇಂದ್ರದಿಂದ ಪ್ರತಿ ಗೂಟಕ್ಕೂ ಇರುವ ದೂರ ಒಂದೇ ಆಗಿರಬೇಕು. ಆ ದೂರವೇ ಬಟ್ಟೆಯ ಅಗಲ. ಒಂಟಿ ಗೂಟದ ತುದಿ ಬಟ್ಟೆಯ ಒಂದು ಅಂಚಾಗುತ್ತದೆ, ಎದುರಿನ ಗೂಟದ ತುದಿ ಇನ್ನೊಂದು ಅಂಚು.

ಒಂದು ಸೀರೆಗೆ ಸುಮಾರು 9,000 ಸಲ ಕೈಯನ್ನು ಹೀಗೆ ಅತ್ತಿಂದಿತ್ತ ಆಡಿಸಬೇಕಾಗುತ್ತಿತ್ತು, ಮತ್ತು ಇದನ್ನು ಹೆಚ್ಚಾಗಿ ಮಾಡುತ್ತಿದ್ದವರು ಮನೆಯ ಹೆಂಗಸರು. ಭುಜದ ನೋವಿನಿಂದ ನರಳುತ್ತಿದ್ದ ತಾಯಿಯನ್ನು ಕಂಡು ಚಿಂತಕಿಂದಿ ಮಲ್ಲೇಶಂ ಅವರು 1999ರಲ್ಲಿ ಆಸು ಸುತ್ತುವ ಯಂತ್ರವನ್ನು ರೂಪಿಸಿ, ಅದಕ್ಕೆ ತಾಯಿ ಲಕ್ಷ್ಮಿಯವರ ಹೆಸರನ್ನೇ ಇಟ್ಟರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚಿತ್ತಾರ ಕಟ್ಟುವುದನ್ನು ಯಂತ್ರಕ್ಕೆ ಒಪ್ಪಿಸದೆ, ಬರೀ ದಣಿವಿನ ಭಾಗವನ್ನು ಮಾತ್ರ ಯಂತ್ರಕ್ಕೆ ಬಿಟ್ಟದ್ದು ಅದರ ಹೆಚ್ಚುಗಾರಿಕೆ ಎಂದು ನನಗೆ ತೋರುತ್ತದೆ.

ನಮ್ಮ ಚಿಕ್ಕ ಬಟ್ಟೆಗೆ ಒಂದು ಗಟ್ಟಿ ಹಲಗೆ ಸಾಕು. 42 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ ಎಳೆದು, ಅದರ ಮೇಲೆ ಐದೂವರೆ ಸೆಂಟಿಮೀಟರಿಗೊಂದರಂತೆ 25 ಉದ್ದನೆಯ ಮೊಳೆಗಳನ್ನು ಹೊಡೆದು 1ರಿಂದ 25ರವರೆಗೆ ನಂಬರು ಬರೆಯಿರಿ. ಕೇಂದ್ರಕ್ಕೆ ದಪ್ಪ ಮೊಳೆ ಇರಲಿ. ಮೊಳೆಗಳು ಒಂದಿಷ್ಟೂ ಅಲುಗಾಡಬಾರದು. ಹಾಸಿನೊಳಗೆ ಏರಿಳಿದು ಸಾಗುವಾಗ ಹೊಕ್ಕಿಗೆ ತುಸು ಹೆಚ್ಚು ಉದ್ದ ಬೇಕಾಗುವುದರಿಂದ 40ರ ಅಗಲಕ್ಕೆ 42 ಇಟ್ಟಿದೆ.

ಸುತ್ತುವ ಕ್ರಮ ಹೀಗಿದೆ. ಒಂದನೇ ಗೂಟಕ್ಕೆ ಮೂರು ಸಲ ಹೋಗಿ ಬಂದರೆ 6 ಎಳೆ. ಬಳಿಕ ಎರಡನೇ ಗೂಟಕ್ಕೆ ಮೂರು ಸಲ, ಮೂರನೆಯದಕ್ಕೆ ಮೂರು ಸಲ, ಹೀಗೆ 25ರವರೆಗೆ ಹೋದಾಗ 150 ಎಳೆ, ಅಂದರೆ 15 ಸೆಂ.ಮೀ. ಬಟ್ಟೆ, ಅರ್ಧ ವಜ್ರ. ಈಗ ದಾರವನ್ನು ಕತ್ತರಿಸದೆ, 25ಕ್ಕೆ ಮತ್ತೆ ಮೂರು ಸಲ ಸುತ್ತಿ, 24, 23 ಎಂದು ಹಿಮ್ಮುಖವಾಗಿ 1ಕ್ಕೆ ಮರಳಿ. ಪೂರ್ಣ ವಜ್ರವಾಯಿತು. ಇದೇ ಹೋಗಿಬರುವಿಕೆಯನ್ನು ಇನ್ನೊಮ್ಮೆ ಮಾಡಿದರೆ ಎರಡನೇ ವಜ್ರವೂ ಮುಗಿಯಿತು. ಇಂಥ ನಾಲ್ಕು ಸುತ್ತುಗಳು (1ರಿಂದ 25ಕ್ಕೆ ಎರಡು, 25ರಿಂದ 1ಕ್ಕೆ ಎರಡು) ಸೇರಿ ಪ್ರತಿ ಗೂಟದಲ್ಲಿ 24 ಎಳೆಗಳ ಕಟ್ಟು ಇರುತ್ತದೆ, ಮತ್ತು ಒಂದೇ ಕಟ್ಟನ್ನು ಕಟ್ಟಿದರೆ ಬಟ್ಟೆಯ ನಾಲ್ಕು ಕಡೆ ಅದರ ಚಿತ್ತಾರ ಬೀಳುತ್ತದೆ. ಪ್ರತಿ ಸುತ್ತು ಮುಗಿದ ಕಡೆ ಬೇರೆ ಬಣ್ಣದ ಚಿಕ್ಕ ದಾರವನ್ನು ಗುರುತಿಗೆ ಕಟ್ಟಿ. ಎಳೆತ ಮೊದಲಿನಿಂದ ಕೊನೆಯವರೆಗೆ ಒಂದೇ ಹದದಲ್ಲಿರಲಿ. ನಡುವೆ ಎದ್ದುಹೋಗಿ ಬಂದವರ ಕೈ ಸಾಮಾನ್ಯವಾಗಿ ಬಿಗಿ ಬದಲಿಸಿರುತ್ತದೆ.

ಗುರುತು ಹಾಕುವುದು

ಬಟ್ಟೆಯ ಅಗಲದ ನಡು, ಅಂದರೆ ಕೇಂದ್ರದ ಗೂಟದಿಂದ 21 ಸೆಂ.ಮೀ. ದೂರ, ಎಲ್ಲ ಕಟ್ಟುಗಳ ಮೇಲೂ ಇದ್ದಿಲಿನಿಂದಲೋ ತೊಳೆದರೆ ಹೋಗುವ ಶಾಯಿಯಿಂದಲೋ ಗುರುತಾಗಲಿ. ಗೂಟದ ನಂಬರನ್ನು 0.7ರಿಂದ ಗುಣಿಸಿದರೆ ಆ ಕಟ್ಟಿನಲ್ಲಿ ವಜ್ರವು ನಡುವಿನಿಂದ ಎರಡೂ ಬದಿಗೆ ಎಷ್ಟು ಸೆಂ.ಮೀ. ಚಾಚಬೇಕೆಂಬುದು ಸಿಗುತ್ತದೆ. 1ನೇ ಗೂಟದಲ್ಲಿ ಎರಡೂ ಬದಿಗೆ 7 ಮಿ.ಮೀ., 10ನೆಯದರಲ್ಲಿ 7 ಸೆಂ.ಮೀ., 25ನೆಯದರಲ್ಲಿ 17.5 ಸೆಂ.ಮೀ.; ಆಗ ಅಂಚುಗಳಲ್ಲಿ ಮೂರೂವರೆ ಸೆಂ.ಮೀ. ಕಪ್ಪು ನೆಲ ಉಳಿಯುತ್ತದೆ. ಈ ಹೊರಗುರುತಿನಿಂದ ಒಳಕ್ಕೆ 3 ಸೆಂ.ಮೀ. ಬಿಟ್ಟು ಎರಡನೇ ಗುರುತು ಹಾಕಿ. ಎರಡು ಗುರುತುಗಳ ನಡುವಿನದು ಬಿಳಿ, ಅದರ ಒಳಗಿನದು ಕೆಂಪು. ಮೊದಲ ನಾಲ್ಕು ಗೂಟಗಳಲ್ಲಿ ಕೆಂಪಿಗೆ ಜಾಗವೇ ಇರುವುದಿಲ್ಲ, ಅವು ವಜ್ರದ ಬಿಳಿಯ ಮೊನೆ.

ಚೌಕಳಿ ಹಾಳೆಯಲ್ಲಿ ಇದನ್ನು ಮೊದಲು ಬರೆದು ಬಣ್ಣ ತುಂಬಿ ನೋಡುವುದು ಕಡ್ಡಾಯವೆಂದೇ ತಿಳಿಯಿರಿ. ಹಳ್ಳಿಗಳಲ್ಲೂ ವಿನ್ಯಾಸವನ್ನು ಹಾಳೆಗೆ ಇಳಿಸಿಕೊಂಡೇ ಗುರುತು ಹಾಕುತ್ತಾರೆ.

ಕಟ್ಟುವುದು

ಪೋಚಂಪಲ್ಲಿಯಲ್ಲಿ ಕಟ್ಟಲು ಬಳಸುವುದು ಸೈಕಲ್ ಟ್ಯೂಬನ್ನು ಕತ್ತರಿಸಿದ ರಬ್ಬರ್ ಪಟ್ಟಿಗಳನ್ನು. ರಬ್ಬರ್ ಎಳೆದಷ್ಟೂ ಬಿಗಿಯುತ್ತದೆ, ನೀರು ಬಿಟ್ಟುಕೊಳ್ಳುವುದಿಲ್ಲ, ಬಿಚ್ಚಿದ ಮೇಲೆ ಮತ್ತೆ ಬಳಕೆಗೆ ಬರುತ್ತದೆ. ನಾಲ್ಕೈದು ಮಿ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಮೊದಲ ಬಣ್ಣಕ್ಕೆ ಮುನ್ನ ಕಟ್ಟಬೇಕಾದದ್ದು ಬಿಳಿಯಾಗಿ ಉಳಿಯಬೇಕಾದ ಭಾಗಗಳನ್ನು ಮಾತ್ರ.

ಗುರುತಿನ ಮೇಲೆಯೇ ಪಟ್ಟಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಪೂರ್ತಿ ಎಳೆದು, ಅದೇ ಜಾಗದಲ್ಲಿ ಎರಡು ಮೂರು ಸುತ್ತು ಹಾಕಿ. ನಂತರ ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ಓರೆಯಾಗಿ ಸುತ್ತುತ್ತ ಇನ್ನೊಂದು ಗುರುತಿಗೆ ಹೋಗಿ, ಅಲ್ಲಿಯೂ ಎರಡು ಮೂರು ಬಿಗಿ ಸುತ್ತು ಹಾಕಿ ತುದಿಯನ್ನು ಕೊನೆಯ ಸುತ್ತಿನ ಅಡಿಗೆ ತೂರಿಸಿ. ಕಟ್ಟಿನ ನಡುಭಾಗ ಸ್ವಲ್ಪ ಸಡಿಲವಾದರೂ ನಡೆಯುತ್ತದೆ, ತುದಿಗಳು ಸಡಿಲವಾಗಬಾರದು. ಬಣ್ಣ ನುಸುಳುವುದು ತುದಿಯಿಂದ. ಉಗುರಿನಿಂದ ತಳ್ಳಿದಾಗ ಪಟ್ಟಿ ಜರುಗಿದರೆ ಬಿಚ್ಚಿ ಮತ್ತೆ ಕಟ್ಟಿ. 25 ಕಟ್ಟುಗಳಲ್ಲಿ ಮೊದಲ ನಾಲ್ಕಕ್ಕೆ ಒಂದೊಂದು, ಉಳಿದವಕ್ಕೆ ಎರಡೆರಡು, ಒಟ್ಟು 46 ಕಡೆ ಕಟ್ಟು ಬೀಳುತ್ತದೆ.

ಎಲ್ಲ ಮುಗಿದ ಮೇಲೆ, ಗೂಟಗಳಿಂದ ಬಿಡಿಸುವ ಮೊದಲು, ಕೇಂದ್ರದ ಕಡೆಯ ಕುಣಿಕೆಗಳ ಮೂಲಕ ಒಂದು ಗಟ್ಟಿ ದಾರ, ಎದುರಿನ ಗೂಟಗಳ ಕುಣಿಕೆಗಳ ಮೂಲಕ ಕ್ರಮವಾಗಿ ಇನ್ನೊಂದು ದಾರ ಪೋಣಿಸಿ ಗಂಟು ಹಾಕಿ. 1ನೇ ಕಟ್ಟಿಗೆ ಗುರುತಿನ ಚೀಟಿಯಂತೆ ಬಟ್ಟೆಚೂರು ಕಟ್ಟಿ. ಈ ಪೋಣಿಕೆ ಇಲ್ಲದೆ ತೊಟ್ಟಿಗೆ ಇಳಿಸಿದ ನೂಲನ್ನು ಮರಳಿ ಕ್ರಮಕ್ಕೆ ತರುವುದು ಹೆಚ್ಚುಕಡಿಮೆ ಅಸಾಧ್ಯ.

ಬಣ್ಣ

ಹಳ್ಳಿಯ ಬಣ್ಣದ ಮನೆಗಳಲ್ಲಿ ಹತ್ತಿಗೆ ವ್ಯಾಟ್ ಬಣ್ಣಗಳು ಬಳಕೆಯಲ್ಲಿವೆ. ಅವಕ್ಕೆ ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಹೈಡ್ರೋಸಲ್ಫೈಟ್ ಬೇಕಾಗುವುದರಿಂದ ಮನೆಯಲ್ಲಿ ಕಲಿಯುವವರಿಗೆ ನಾನು ಸಲಹೆ ಮಾಡುವುದಿಲ್ಲ. ಬಿಸಿ ಮಾಡದೆಯೇ ಹಿಡಿಯುವ ಕೋಲ್ಡ್ ಬ್ರ್ಯಾಂಡ್ ರಿಯಾಕ್ಟಿವ್ ಬಣ್ಣಗಳು ಸಾಕು. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್, ಕೈಗೆ ರಬ್ಬರ್ ಕೈಗವಸು ಇರಲಿ. ಬಳಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಕೂಡದು.

ಬಣ್ಣದ ಕ್ರಮ ಯಾವಾಗಲೂ ತಿಳಿಯಿಂದ ಗಾಢಕ್ಕೆ. ಮೊದಲು ಕೆಂಪು. ಈ ತೊಟ್ಟಿಗೆ ಕಟ್ಟಿದ ಹೊಕ್ಕಿನ 20 ಗ್ರಾಂ ಜೊತೆಗೆ ಹಾಸಿನ 30 ಗ್ರಾಮನ್ನೂ ಇಳಿಸಿ. ಹಾಸಿಗೆ ನೆಲದ ಬಣ್ಣವನ್ನೇ ಹಾಕುವ ರೂಢಿಯೂ ಇದೆ, ಆದರೆ ಕಪ್ಪು ಹಾಸು ಬಿಳಿಯ ಅಂಚನ್ನು ಮಂಕಾಗಿಸುತ್ತದೆ, ಬಿಳಿ ಹಾಸು ಕಪ್ಪು ನೆಲವನ್ನು ಬೂದುಬಣ್ಣಕ್ಕೆ ಇಳಿಸುತ್ತದೆ. ಕೆಂಪು ಹಾಸಿನಲ್ಲಿ ವಜ್ರದ ಒಡಲು ತುಂಬಿ ಕಾಣುತ್ತದೆ, ನೆಲಕ್ಕೂ ಒಂದು ಬೆಚ್ಚನೆಯ ಛಾಯೆ ಬರುತ್ತದೆ.

ಕಟ್ಟಿದ ನೂಲನ್ನು ಮೊದಲು ಬರಿಯ ನೀರಿನಲ್ಲಿ ನೆನೆಸಿ. ಹತ್ತಿ ನೆನೆದು ಉಬ್ಬಿದಾಗ ಕಟ್ಟು ಇನ್ನಷ್ಟು ಬಿಗಿಯುತ್ತದೆ. 50 ಗ್ರಾಂ ನೂಲಿಗೆ ಒಂದು ಲೀಟರ್ ನೀರು, 1.5ರಿಂದ 2 ಗ್ರಾಂ ಬಣ್ಣ, 50 ಗ್ರಾಂ ಉಪ್ಪು, 15ರಿಂದ 20 ಗ್ರಾಂ ಸೋಡಾ ಆಶ್ ಎಂಬುದು ಅಳತೆ. ಬಣ್ಣವನ್ನು ಸ್ವಲ್ಪ ನೀರಿನಲ್ಲಿ ಕಲಸಿ ತೊಟ್ಟಿಗೆ ಸೇರಿಸಿ, ನೂಲನ್ನು ಇಳಿಸಿ, ಹತ್ತು ನಿಮಿಷದ ಅಂತರದಲ್ಲಿ ಉಪ್ಪನ್ನು ಎರಡು ಮೂರು ಕಂತಿನಲ್ಲಿ ಹಾಕಿ. ಉಪ್ಪು ಬಣ್ಣವನ್ನು ನೂಲಿನತ್ತ ತಳ್ಳುತ್ತದೆ. ಅರ್ಧ ಗಂಟೆಯಾದ ಮೇಲೆ, ಬೇರೆಯಾಗಿ ಕರಗಿಸಿಕೊಂಡ ಸೋಡಾ ಆಶನ್ನು, ನೂಲನ್ನು ಒಂದು ಕ್ಷಣ ಮೇಲೆತ್ತಿ, ಸೇರಿಸಿ. ಸೋಡಾ ಸೇರಿದಾಗಲೇ ಬಣ್ಣ ನೂಲಿಗೆ ಶಾಶ್ವತವಾಗಿ ಬೆಸೆಯುವುದು; ಅದನ್ನು ಮೊದಲೇ ಹಾಕಿದರೆ ಬಣ್ಣದ ಬಹುಪಾಲು ನೀರಿನಲ್ಲೇ ವ್ಯರ್ಥವಾಗುತ್ತದೆ. ಮುಂದಿನ ಒಂದು ಗಂಟೆ 30ರಿಂದ 40 ಡಿಗ್ರಿ ಶಾಖದಲ್ಲಿ ಆಗಾಗ ಕೈಯಾಡಿಸುತ್ತಿರಿ, 24 ಎಳೆಗಳ ಒಳಗಿನವಕ್ಕೂ ಬಣ್ಣ ತಲುಪುವಂತೆ ಕಟ್ಟುಗಳನ್ನು ಬೆರಳಿನಿಂದ ಹಿಚುಕುತ್ತಿರಿ.

ತಣ್ಣೀರಿನಲ್ಲಿ ಹಲವು ಸಲ ಜಾಲಿಸಿ, ಬಳಿಕ ಕುದಿಯುವುದಕ್ಕೆ ಹತ್ತಿರದ ಬಿಸಿ ಸಾಬೂನು ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು, ಬಣ್ಣ ಬಿಡುವುದು ನಿಂತ ಮೇಲೆ ಒಣಗಿಸಿ. ಕಟ್ಟುಗಳನ್ನು ಇನ್ನೂ ಬಿಚ್ಚಬಾರದು.

ಈಗ ಹೊಕ್ಕನ್ನು ಮರಳಿ ಆಸಿಗೆ ಏರಿಸಿ, ಬಿಳಿಯ ಕಟ್ಟುಗಳ ಒಳಗಿನ ಕೆಂಪು ಭಾಗವನ್ನು ಪೂರ್ತಿಯಾಗಿ ಸುತ್ತಿ ಕಟ್ಟಿ. 25ನೇ ಗೂಟದಲ್ಲಿ ಇದು 29 ಸೆಂ.ಮೀ. ಉದ್ದ ಬರುತ್ತದೆ, ಕೈ ನೋಯುವ ಕೆಲಸ. ಹೊಸ ಸುತ್ತು ಹಳೆಯ ಕಟ್ಟಿನ ತುದಿಯ ಮೇಲೆ ತುಸು ಏರಿರಲಿ, ಇಲ್ಲವಾದರೆ ಬಿಳಿ ಮತ್ತು ಕೆಂಪಿನ ನಡುವೆ ಕಪ್ಪು ಗೆರೆಯೊಂದು ಮೂಡುತ್ತದೆ. ಕಪ್ಪಿನ ತೊಟ್ಟಿಗೆ ಹೊಕ್ಕು ಮಾತ್ರ ಹೋಗುತ್ತದೆ: ಅರ್ಧ ಲೀಟರ್ ನೀರು, ಒಂದೂವರೆ ಗ್ರಾಮಿಗೂ ಮಿಕ್ಕಿ ಕಪ್ಪು ಬಣ್ಣ, 35 ಗ್ರಾಂ ಉಪ್ಪು, 10 ಗ್ರಾಂ ಸೋಡಾ ಆಶ್. ಉಳಿದ ಕ್ರಮವೆಲ್ಲ ಹಿಂದಿನಂತೆಯೇ.

ತೇಲಿಯಾ ರುಮಾಲಿನ ಕೆಂಪಿನ ದಾರಿ ಇದಕ್ಕಿಂತ ದೀರ್ಘ. ಅಲ್ಲಿ ನೂಲನ್ನು ಎಣ್ಣೆ ಮತ್ತು ಹರಳುಕಾಯಿಯ ಸಿಪ್ಪೆ ಸುಟ್ಟ ಬೂದಿಯ ನೀರಿನಲ್ಲಿ ದಿನಗಟ್ಟಲೆ ಮತ್ತೆ ಮತ್ತೆ ನೆನೆಸಿ, ತಿಕ್ಕಿ, ಒಣಗಿಸಿ, ಆಮೇಲೆ ಅಲಿಜರಿನ್ ಕೆಂಪು ಹಿಡಿಸುತ್ತಾರೆ. ಎಣ್ಣೆಯ ವಾಸನೆ ಆ ಬಟ್ಟೆಗೆ ಅಂಟಿಕೊಂಡೇ ಇರುತ್ತದೆ. ಆಂಧ್ರದ ಕರಾವಳಿಯ ಚೀರಾಲ ಒಮ್ಮೆ ಈ ರುಮಾಲುಗಳಿಗೆ ಹೆಸರಾಗಿತ್ತು. ಇಂದು ಅದನ್ನು ಹಿಡಿದಿಟ್ಟಿರುವುದು ಪುಟ್ಟಪಾಕ, 2020ರಲ್ಲಿ ಅದಕ್ಕೆ ಪ್ರತ್ಯೇಕ ಭೌಗೋಳಿಕ ಗುರುತು (ಜಿಐ) ದೊರೆತಿದೆ.

ರೇಷ್ಮೆಯಲ್ಲಿ ಮಾಡುವವರು ಎರಡು ವ್ಯತ್ಯಾಸ ನೆನಪಿಡಬೇಕು. ಕಚ್ಚಾ ರೇಷ್ಮೆಯ ತೂಕದಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಅಂಟು ಇರುವುದರಿಂದ ಸಾಬೂನು ನೀರಿನಲ್ಲಿ ಅದನ್ನು ಬಿಡಿಸಿದ ಮೇಲೆಯೇ ತೂಕ ಲೆಕ್ಕ ಹಾಕಬೇಕು. ಬಣ್ಣ ಆಸಿಡ್ ವರ್ಗದ್ದಾಗಿರಬೇಕು, ಅದಕ್ಕೆ ಬಿಸಿಯೂ ಸ್ವಲ್ಪ ಅಸಿಟಿಕ್ ಆಮ್ಲವೂ ಬೇಕು.

ಬಿಚ್ಚುವುದು, ಕಂಡಿಕೆ ಸುತ್ತುವುದು

ಪೂರ್ತಿ ಒಣಗಿದ ಹೊಕ್ಕನ್ನು ಆಸಿಗೆ ಏರಿಸಿ, ತೂರಿಸಿದ ತುದಿಯನ್ನು ಎಳೆದು ರಬ್ಬರನ್ನು ಬಿಚ್ಚಿ. ಬ್ಲೇಡು ಬೇಡ, ಒಂದು ಎಳೆ ತುಂಡಾದರೂ ಕ್ರಮ ತಪ್ಪುತ್ತದೆ. ಕಂಡಿಕೆಗೆ, ಅಂದರೆ ಲಾಳಿಯೊಳಗೆ ಕೂರುವ ಚಿಕ್ಕ ನೂಲುಕೊಳವೆಗೆ, ಸುತ್ತುವಾಗ ಕೊನೆಯ ಸುತ್ತಿನ ಎಳೆಯೇ ಮೊದಲು ಬರುತ್ತದೆ. ಗುರುತಿನ ದಾರ ಕಟ್ಟಿದ ಪ್ರತಿ ಜಾಗದಲ್ಲಿ ಕತ್ತರಿಸಿ, ಒಂದು ಸುತ್ತಿಗೆ ಒಂದರಂತೆ ನಾಲ್ಕು ಕಂಡಿಕೆ ಮಾಡಿ, ಮೊದಲು ತುಂಬಿದ್ದಕ್ಕೆ 4, ಕೊನೆಯದಕ್ಕೆ 1 ಎಂದು ನಂಬರು ಕೊಡಿ. ನೇಯುವುದು 1ರಿಂದ. ಕಂಡಿಕೆಯಿಂದ ನೂಲು ಹೊರಬರುವಾಗ ಸುತ್ತಿದ್ದಕ್ಕೆ ವಿರುದ್ಧ ಕ್ರಮದಲ್ಲಿ ಬರುವುದರಿಂದ ಲೆಕ್ಕ ತಾನಾಗಿ ಸರಿಯಾಗುತ್ತದೆ.

ಮಗ್ಗದ ಮೇಲೆ

ಪೋಚಂಪಲ್ಲಿಯ ನೇಕಾರರು ಹೆಚ್ಚಾಗಿ ಕುಣಿ ಮಗ್ಗದಲ್ಲಿ, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ನೇಯುತ್ತಾರೆ. ಕಲಿಯುವವರಿಗೆ 40 ಸೆಂ.ಮೀ. ಅಗಲ ಹಿಡಿಸುವ ಯಾವ ಮೇಜಿನ ಮಗ್ಗವಾದರೂ ಆದೀತು. ಹಾಸಿಗೆ ತೆಳುವಾದ ಗಂಜಿ ಕೊಟ್ಟು ಒಣಗಿಸಿ, ಸೆಂಟಿಮೀಟರಿಗೆ 8 ಎಳೆಯಂತೆ ಹಣಿಗೆಯಲ್ಲಿ (ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದು ಹೊಕ್ಕನ್ನು ಬಡಿದು ಕೂರಿಸುವ ಬಾಚಣಿಗೆಯಲ್ಲಿ) ತೂರಿಸಿ, ಸಾದಾ ನೇಯ್ಗೆಗೆ ಅಣಿಮಾಡಿ. ಬೇರೆ ನೂಲಿನಿಂದ ಮೂರು ನಾಲ್ಕು ಸೆಂ.ಮೀ. ನೇಯ್ದು ಹಾಸು ಸಮವಾದ ಮೇಲೆ 1ನೇ ಕಂಡಿಕೆಯನ್ನು ಲಾಳಿಗೆ ಹಾಕಿ.

ಮೊದಲ ಎಳೆ ಹಾಯಿಸಿದ ಕೂಡಲೇ ಅದರ ಬಿಳಿಯ ತುಂಡಿನ ನಡು ಹಾಸಿನ 160ನೇ ಎಳೆಯ ಬಳಿ ಬಂದಿದೆಯೇ ಎಂದು ನೋಡಿ. ಆ ಎಳೆಗೆ ಮುಂಚೆಯೇ ಹಣಿಗೆಯ ಮೇಲೆ ಗುರುತು ಮಾಡಿಕೊಂಡಿದ್ದರೆ ಕಣ್ಣಿಗೆ ಸುಲಭ. ಅಂಚಿನ ಕಡೆ ತುಸು ಸಡಿಲ ಬಿಟ್ಟೋ ಎಳೆದೋ ಪ್ರತಿ ಎಳೆಯನ್ನೂ ಹಿಂದಿನದರ ನೇರಕ್ಕೆ ತಂದ ಮೇಲೆಯೇ ಹಣಿಗೆ ಬಡಿಯಬೇಕು. ಆರು ಎಳೆಗೊಮ್ಮೆ ವಜ್ರ ಒಂದು ಮೆಟ್ಟಿಲು ಅಗಲವಾಗುತ್ತದೆ, ಮತ್ತು ಆ ಮೆಟ್ಟಿಲು ಸರಿಯಾಗಿ 6 ಮಿ.ಮೀ. ಎತ್ತರ ಇರಬೇಕು. ಬಡಿತ ಜೋರಾದರೆ ವಜ್ರ ಕುಳ್ಳಾಗುತ್ತದೆ, ಮೆತ್ತಗಾದರೆ ಉದ್ದವಾಗುತ್ತದೆ. ಅಳತೆಪಟ್ಟಿ ಪಕ್ಕದಲ್ಲೇ ಇರಲಿ. ನೇಯ್ದಂತೆ ಬಟ್ಟೆಯ ಅಗಲ ಒಳಕ್ಕೆ ಸರಿಯದಂತೆ ಎರಡೂ ಅಂಚಿಗೆ ಚುಚ್ಚಿ ಹಿಡಿಯುವ ಅಡ್ಡಪಟ್ಟಿಯನ್ನು ಎರಡು ಮೂರು ಸೆಂಟಿಮೀಟರಿಗೊಮ್ಮೆ ಮುಂದಕ್ಕೆ ಸರಿಸುತ್ತಿರಿ. ಅಗಲ ಕುಗ್ಗಿದರೆ ಹೊಕ್ಕು ಮಿಕ್ಕಿ, ಚಿತ್ತಾರ ಒಂದು ಪಕ್ಕಕ್ಕೆ ವಾಲುತ್ತದೆ.

ಬಣ್ಣಗಳು ಸೇರುವಲ್ಲಿ ಗೆರೆ ಕತ್ತರಿಸಿದಂತೆ ಇರುವುದಿಲ್ಲ, ಎಳೆಗಳು ಒಂದೆರಡು ಮಿ.ಮೀ. ಹಿಂದುಮುಂದಾಗಿ ಅಂಚು ಗರಿಗರಿಯಾಗಿ ಕಾಣುತ್ತದೆ. ಅದು ದೋಷವಲ್ಲ, ಅದನ್ನು ತೊಡೆದುಹಾಕಲು ಹೆಣಗಬೇಡಿ. ಆದರೆ ಬಿಳಿಯ ಒಳಕ್ಕೆ ಅರ್ಧ ಸೆಂಟಿಮೀಟರಿನಷ್ಟು ಬಣ್ಣ ಹರಿದಿದ್ದರೆ ಕಟ್ಟಿನ ತುದಿ ಸಡಿಲವಿತ್ತೆಂದು ಅರ್ಥ. ಕಪ್ಪಿನ ಒಡಲಲ್ಲಿ ಕೆಂಪು ಚುಕ್ಕೆಗಳು ಉಳಿದಿದ್ದರೆ ತೊಟ್ಟಿಯಲ್ಲಿ ಹಿಚುಕುವುದು ಸಾಲಲಿಲ್ಲ. ವಜ್ರದ ಒಂದು ಪಕ್ಕ ಮಾತ್ರ ಒರಟಾಗಿದ್ದರೆ ಆಸಿನಲ್ಲಿ ಸುತ್ತುವಾಗ ಬಿಗಿ ಬದಲಾಗಿತ್ತು.

ಇದೇ ಗರಿಗರಿ ಅಂಚು ಅಂಗಡಿಯಲ್ಲಿ ಕೊಳ್ಳುವಾಗಲೂ ನೆರವಾಗುತ್ತದೆ. ಪೋಚಂಪಲ್ಲಿ ಇಕ್ಕತ್‌ಗೆ 2005ರಲ್ಲೇ ಭೌಗೋಳಿಕ ಗುರುತು ಸಿಕ್ಕಿದ್ದರೂ ಅದರ ವಿನ್ಯಾಸವನ್ನು ಅಚ್ಚೊತ್ತಿದ ಗಿರಣಿ ಬಟ್ಟೆ ಎಲ್ಲೆಡೆ ಮಾರಾಟಕ್ಕಿದೆ. ಬಟ್ಟೆಯನ್ನು ತಿರುವಿ ನೋಡಿ: ನಿಜವಾದ ಇಕ್ಕತ್‌ನ ಎರಡೂ ಮೈ ಒಂದೇ ಗಾಢತೆಯಲ್ಲಿರುತ್ತವೆ, ಅಚ್ಚಿನ ಬಟ್ಟೆಯ ಹಿಂಬದಿ ಸಾಮಾನ್ಯವಾಗಿ ಮಂಕು. ಅಂಚಿನಿಂದ ಒಂದು ಎಳೆ ಬಿಡಿಸಿದರೆ ಇನ್ನೂ ಖಚಿತ, ಏಕೆಂದರೆ ಕಟ್ಟಿ ಬಣ್ಣ ಹಾಕಿದ ಎಳೆಯಲ್ಲಿ ಬಣ್ಣ ಒಳಗಿನ ನಾರಿನವರೆಗೂ ಇಳಿದಿರುತ್ತದೆ.

ನೇಯ್ದು ಇಳಿಸಿದ ಬಟ್ಟೆಯ ತುದಿಗಳನ್ನು ಗಂಟು ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಗಂಜಿ ಹೋಗುವಂತೆ ತೊಳೆದು, ನೆರಳಿನಲ್ಲಿ ಮಟ್ಟಸವಾಗಿ ಹರವಿ ಒಣಗಿಸಿ. ಅಗಲದಲ್ಲೂ ಉದ್ದದಲ್ಲೂ ಎರಡು ಮೂರು ಸೆಂ.ಮೀ. ಕುಗ್ಗುವುದು ಸಹಜ, ಮೊದಲ ಎರಡು ಮೂರು ಸಲ ಬೇರೆ ಬಟ್ಟೆಗಳೊಡನೆ ಸೇರಿಸದೆ ತೊಳೆಯಿರಿ.